ಟೈಲರಮ್ಮನ ಚೀಟಿ

ಮಾನ್ಯ ಪಾದ್ರಿಯವರಿಗೆ,

ಪ್ರಾರ್ಥನೆ ಕೋರಿ ಜನ ಬರೆದ ಚೀಟಿಗಳ ಡಬ್ಬವನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ದಯವಿಟ್ಟು ಈ ಕೆಲಸವನ್ನು ಬೇರೆ ಯಾರಿಗಾದರೂ ವಹಿಸಿ.

ಭಾನುವಾರ ಚರ್ಚಿನಲ್ಲಿ ಚೀಟಿಗಳನ್ನು ಓದಿ, ವಾರವಿಡೀ ಮನೆಯಲ್ಲಿ ಒಬ್ಬೊಬ್ಬರಿಗಾಗಿಯೂ ಪ್ರಾರ್ಥಿಸಬೇಕೆಂದು ನೀವು ಹೇಳಿದ್ದಿರಿ. ಒಂದು ವರ್ಷದಿಂದ ನಾನು ಓದಿದ್ದಷ್ಟೇ. ಮನೆಯಲ್ಲಿ ಕಣ್ಣು ಮುಚ್ಚಿದರೆ ಆ ಕಡೆ ಯಾರೂ ಇಲ್ಲ ಅನ್ನಿಸುತ್ತಿತ್ತು. ನಿಮಗೆ ಹೇಳಲು ಬಾಯಿ ಬರಲಿಲ್ಲ.

ಆಪರೇಷನ್ನಿಗೆ ಹೋಗುವ ಮುಂಚೆ, ತಮಗಾಗಿ ಪ್ರಾರ್ಥಿಸಲು ಚೀಟಿ ಬರೆದು ಹಾಕಿದ್ದ ನಮ್ಮ ಟೈಲರಮ್ಮ ನನ್ನ ಕೈ ಹಿಡಿದು, "ನೀವು ದಿನಾ ನನ್ನ ಹೆಸರು ಹೇಳ್ತೀರಲ್ಲ ಟೀಚರ್, ಅದೊಂದೇ ಧೈರ್ಯ" ಅಂದರು. ನಾನು ಹೂಂ ಅಂದೆ. ಅವರು ತಿರುಗಿ ಬರಲಿಲ್ಲ. ನಾನು ಹೊಲಿಯಲು ಕೊಟ್ಟಿದ್ದ ಕೋಟನ್ನು ಅವರ ಮಗಳು ತಂದುಕೊಟ್ಟಳು. ಆಸ್ಪತ್ರೆಗೆ ಹೊರಡುವ ದಿನವೇ ಗುಂಡಿ ಹಾಕಿ ಮುಗಿಸಿದ್ದರಂತೆ.

ಕೇಳಿಸಿಕೊಳ್ಳುವವರೇ ಇಲ್ಲವೆಂದಾದರೆ ನನ್ನಿಂದ ಏನೂ ತಪ್ಪಾಗಿಲ್ಲ. ಹಾಗೆಂದುಕೊಂಡರೂ ಊಟ ಸೇರುತ್ತಿಲ್ಲ.

ಡಬ್ಬದಲ್ಲಿ ಅವರ ಚೀಟಿ ಹುಡುಕಬೇಡಿ, ಅದನ್ನು ನಾನೇ ಇಟ್ಟುಕೊಂಡಿದ್ದೇನೆ. ಅವತ್ತು ಹೂಂ ಅಂದಿದ್ದೆನಲ್ಲ, ನಿನ್ನೆಯಿಂದ ಅವರ ಹೆಸರು ಹೇಳುತ್ತಿದ್ದೇನೆ. ಯಾರಿಗೆ ಎಂದು ಮಾತ್ರ ಕೇಳಬೇಡಿ.

ಇಂತಿ,
ನಿಮ್ಮ ಸಂಡೇ ಸ್ಕೂಲ್ ಟೀಚರ್