ಎಡರೆಕ್ಕೆಯ ಕಡ್ಡಿ

ಬಾರ್ಕೂರು
೧೯ ಜನವರಿ ೨೦೨೫

ಪ್ರೀತಿಯ ವಿನಯಾ,

ನಿನ್ನ ಎರಡು ಪತ್ರಗಳೂ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ‘ಸುಧೀರ್ ಹೇಗಿದ್ದಾರೆ’ ಎಂದು ಕೇಳಿದ್ದೆ. ಉತ್ತರ ಗೊತ್ತಿಲ್ಲದೆ ತಡವಾಯಿತು, ಕ್ಷಮಿಸು. ಈಗಲೂ ಗೊತ್ತಿದೆ ಎಂದಲ್ಲ.

ಸ್ಟ್ರೋಕ್ ಆಗಿ ಒಂಬತ್ತು ತಿಂಗಳು. ನಡೆಯುತ್ತಾರೆ, ಮಾತು ತಿರುಗಿ ಬಂದಿದೆ. ಬಲಗೈ ಮಾತ್ರ ಭುಜದ ಮಟ್ಟಕ್ಕೂ ಏಳುವುದಿಲ್ಲ. ವರ್ಷದೊಳಗೆ ಸರಿಯಾದರೂ ಆದೀತು ಎಂದಿದ್ದಾರೆ ಡಾಕ್ಟರು. ಇವರು ಮೊದಲೇ ಕಟ್ಟಿದ್ದ ಗ್ಲೈಡರ್ ನಿನಗೆ ನೆನಪಿರಬಹುದು: ಎಂಜಿನ್ ಇಲ್ಲದ, ಕೈಯಿಂದ ಎಸೆದು ರಿಮೋಟಿನಲ್ಲಿ ತಿರುಗಿಸುವ ಪುಟ್ಟ ವಿಮಾನ. ಕೈ ಬರುವಷ್ಟರಲ್ಲಿ ಅದನ್ನು ತಿದ್ದಿಟ್ಟುಕೊಂಡು ತಾನೇ ಎಸೆಯಬೇಕು ಎಂಬ ಹಟ. ಅಲ್ಲಿಯವರೆಗೆ ಎಸೆಯುವ ಕೆಲಸ ನನ್ನದು.

ಎಡರೆಕ್ಕೆಯ ತುದಿಯಲ್ಲಿ ಒಂದು ಕಡ್ಡಿ ಅಂಟಿಸಿದ್ದರು. ಬಲಗೈಯ ಎರಡು ಬೆರಳಲ್ಲಿ ಅದನ್ನು ಹಿಡಿದು, ಮೈಯನ್ನೊಂದು ಸುತ್ತು ತಿರುಗಿಸಿ ಬಿಡಬೇಕು. ಸಂಜೆ ಕೊಯ್ಲಾದ ಗದ್ದೆಯಲ್ಲಿ ನಾನು ಎಸೆದರೆ ಅದು ಎಡಕ್ಕೆ ವಾಲಿ ಬೀಳುತ್ತಿತ್ತು. ಇವರು ಸ್ಟೂಲಿನ ಮೇಲೆ ಕೂತು ಮೂತಿಗೆ ಒಂದು ಚೂರು ಸೀಸ ಸೇರಿಸುವರು, ಮರುದಿನ ತೆಗೆಯುವರು. ಬಾಲದ ಪಟ್ಟಿಯನ್ನು ಕೂದಲೆಳೆಯಷ್ಟು ತಿರುಗಿಸುವರು. ತಪ್ಪು ತೂಕದ್ದೋ ನನ್ನದೋ ತಿಳಿಯದೆ ತಿಂಗಳು ಕಳೆಯಿತು.

ಕಳೆದ ವಾರ ಪಕ್ಕದ ಮನೆಯ ಶೀನ, ಬೀಸುಬಲೆ ಹೆಗಲಿಗೆ ಹಾಕಿಕೊಂಡು ಹೊಳೆಯಿಂದ ಬರುತ್ತಿದ್ದವ, ನಿಂತು ನೋಡಿದ.

“ಹ್ವಾಯ್ ಸುಗುಣಕ್ಕ, ಮೀನ್ ಕೊಯ್ಯುದ್ ಎಡಗೈಯಗೆ, ಇದನ್ ಬೀಸುದ್ ಎಂತಕ್ಕೆ ಬಲಗೈಯಗೆ? ನಾನ್ ಹಾಂಗ್ ಬಲಿ ಬೀಸಿರೆ ಹೊಳಿಗೆ ನಾನೇ ಬೀಳ್ತೆ.”

ನಾನು ಎಡಚಿ ಹೌದಲ್ಲ, ನಗು ಬಂತು. ಇವರು ನಗಲಿಲ್ಲ. ಎಡಗೈಯಿಂದ ಎಸೆಯಲು ಕಡ್ಡಿ ಬಲರೆಕ್ಕೆಯಲ್ಲಿರಬೇಕು. ಎರಡೂ ಕಡೆ ಇಟ್ಟರೆ ಹಾರಾಟ ಕೆಡುತ್ತದಂತೆ. ಬಲಕ್ಕೆ ಹಾಕಿದರೆ ಮುಂದೆ ಇವರ ಬಲಗೈಗೆ ಅದು ಒದಗದು. ಗೊತ್ತಿದ್ದೂ, ಮನೆಗೆ ಬರುವಾಗ, ಆ ಬದಿಗೆ ಹಾಕಬಹುದಲ್ಲ ಎಂದುಬಿಟ್ಟೆ. ನಾಲ್ಕು ದಿನ ಇವರು ಸಂಜೆ ಗದ್ದೆಗೆ ಹೊರಡಲಿಲ್ಲ. ಕವಿತೆಯಲ್ಲಿ ಅರ್ಥವಾಗದ ಸಾಲನ್ನು ದಾಟಿ ಮುಂದೆ ಓದುತ್ತೇನೆ. ಎದುರು ಕೂತು ಗಂಜಿ ಉಣ್ಣುವ ಮನುಷ್ಯನನ್ನು ಹಾಗೆ ದಾಟುವುದು ಹೇಗೆ?

ನಿನ್ನೆ ಅದು ಹಾರಿತು. ತೆಂಗಿನ ತಲೆಗಳಿಗಿಂತ ಮೇಲೆ, ಐವತ್ತೆರಡು ಸೆಕೆಂಡು. ರಿಮೋಟನ್ನು ತೊಡೆಯ ಮೇಲಿಟ್ಟು ಎಡ ಹೆಬ್ಬೆರಳಲ್ಲೇ ತಿರುಗಿಸಿ ನನ್ನ ಕಾಲ ಬುಡಕ್ಕೆ ಇಳಿಸಿದರು. ಶೀನ ಬಲೆ ಕೆಳಗಿಟ್ಟು ನೋಡಿದ. ನಾನು ಖುಷಿಪಡಬೇಕಿತ್ತು.

ನಿನ್ನ ಅಮ್ಮನ ಮಂಡಿನೋವು ಇಳಿಯಲಿ, ಮನೆಯವರೆಲ್ಲ ತಣ್ಣಗಿರಲಿ.

ನಿನ್ನ
ಸುಗುಣ

ತಾ.ಕ.: ಹಾರಿದ್ದು ನನ್ನ ಎಡಗೈಯಿಂದ. ಹೇಳದೆಯೇ ಕಡ್ಡಿಯನ್ನು ಬಲರೆಕ್ಕೆಗೆ ಅಂಟಿಸಿದ್ದರು. ಹಳೆಯ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನುಣುಪು ಮಾಡಿದ್ದರು. “ನಿಮ್ಮ ಕೈ ಬಂದಾಗ?” ಎಂದು ಕೇಳಿದೆ. “ಆಗ ಕಾಂಬ ಮಾರಾಯ್ತಿ. ಈಗ ನೀ ಬೀಸ್,” ಎಂದರು. ಇವತ್ತು ಬೆಳಿಗ್ಗೆ, ಕೈಯ ವ್ಯಾಯಾಮಕ್ಕೆಂದು ಕಿಟಕಿಗೆ ಕಟ್ಟಿದ್ದ ಹಗ್ಗವನ್ನು ಒಂದೇ ಕೈಯಲ್ಲಿ ಬಿಚ್ಚಿ ತಂದು ಕೊಟ್ಟರು, ಬಟ್ಟೆ ಒಣಗಿಸಲು ಬೇಕಾದೀತು ಎಂದು. ಕಡ್ಡಿಯ ಬಗ್ಗೆ ನಾನು ಆ ಮಾತು ಆಡಬಾರದಿತ್ತೇ, ವಿನಯಾ?