ಒಂದೇ ಅಳತೆಯ ಎರಡು ಫೈಲುಗಳು

ಭಾನುವಾರ, ಜೂನ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಮೂರು ಪತ್ರಕ್ಕೂ ಉತ್ತರವಿಲ್ಲವೆಂದು ಬೇಸರ ಮಾಡಿಕೊಂಡಿರುತ್ತೀಯ. ಕೂತಾಗಲೆಲ್ಲ ಕೈ ಓಡಲಿಲ್ಲ, ಕ್ಷಮಿಸು. ಭಾವನ ಮಂಡಿನೋವು ಹೇಗಿದೆ? ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಿಂತೂ ನಿಂತೂ ನನ್ನ ಕಾಲು ಊದುತ್ತಿದೆ. ಬೆನ್ನು ಬಾಗಿದ್ದಕ್ಕೋ ಏನೋ, ಹುಡುಗರು ನನಗೆ ಸೆಮಿಕೋಲನ್ ಎಂದು ಹೆಸರಿಟ್ಟಿದ್ದಾರಂತೆ.

ವಿಷಯಕ್ಕೆ ಬರುತ್ತೇನೆ. ಮಾರ್ಚ್ ಪರೀಕ್ಷೆಯಲ್ಲಿ ನಿನ್ನ ಮಗನ ಸಿ ಭಾಷೆಯ ಪ್ರೋಗ್ರಾಮೂ, ತರಗತಿಯವರು ಪಿಸುಮಾತು ಎಂದು ಕರೆಯುವ ಹುಡುಗಿಯ ಪ್ರೋಗ್ರಾಮೂ ಅಕ್ಷರಕ್ಕಕ್ಷರ ಒಂದೇ ಇದ್ದವು. ಕಾಪಿ ಮಾಡಿದವಳು ಅವಳೇ ಎಂದು ಅವನಿಗೆ ಪೂರ್ತಿ ಅಂಕ ಕೊಟ್ಟೆ, ಅವಳಿಗೆ ಸೊನ್ನೆ. ಅವಳು ಕಾಲೇಜು ಬಿಟ್ಟಳು.

ಕಳೆದ ತಿಂಗಳು ಸ್ಟ್ಯಾಟ್ ಎಂಬ ಸಿಸ್ಟಮ್ ಕಾಲ್‌ನ ಪಾಠ ಸಿದ್ಧಮಾಡುತ್ತಿದ್ದೆ. ಫೈಲನ್ನು ತೆರೆಯದೆಯೇ ಅದು ಯಾರದ್ದು, ಎಷ್ಟು ದೊಡ್ಡದು, ಕೊನೆಗೆ ತಿದ್ದಿದ್ದು ಯಾವಾಗ, ಯಾರು ಓದಬಹುದು ಎಂದೆಲ್ಲ ಅದು ಹೇಳುತ್ತದೆ. ಪರೀಕ್ಷಿಸಲು ಅವರಿಬ್ಬರ ಪರೀಕ್ಷೆಯ ಫೈಲುಗಳ ಹೆಸರನ್ನೇ ಕೊಟ್ಟೆ.

ಎರಡೂ ೧೮೪೨ ಬೈಟ್. ಅವಳದ್ದು ಹತ್ತೂ ನಲವತ್ತಕ್ಕೆ ಮುಗಿದಿತ್ತು. ಯಾರು ಬೇಕಾದರೂ ಓದುವಂತಿತ್ತು. ನಿನ್ನ ಮಗನದ್ದು ಹನ್ನೊಂದೂ ಇಪ್ಪತ್ತರದ್ದು. ಅವನ ಹೊರತು ಬೇರೆ ಯಾವ ವಿದ್ಯಾರ್ಥಿಯೂ ಓದುವಂತಿರಲಿಲ್ಲ. ಅವಳು ಅದನ್ನು ನೋಡಿ ಬರೆಯುವುದಾದರೂ ಹೇಗೆ?

ಅವನನ್ನು ಕರೆದು ಕೇಳಿದೆ. ತಲೆ ತಗ್ಗಿಸಿದ. "ಹೌದು ಚಿಕ್ಕಮ್ಮ, ಅವಳದ್ದನ್ನ ಕಾಪಿ ಮಾಡ್ಕೊಂಡೆ. ನೀನು ನನ್ನನ್ನ ಕೇಳ್ಲೇ ಇಲ್ವಲ್ಲ" ಅಂದ.

ಪ್ರಿನ್ಸಿಪಾಲರಿಗೆ ಬರೆದುಕೊಟ್ಟು ಅವನ ಅಂಕ ತೆಗೆಸಿದೆ, ಅವಳದ್ದನ್ನು ಹಾಕಿಸಿದೆ. ರಜೆಗೆ ಮನೆಗೆ ಬರುತ್ತಾನೆ, ಬೈಯಬೇಡ. ಕೋಪವೆಲ್ಲ ನನ್ನ ಮೇಲಿರಲಿ.

ಅವಳೀಗ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹೋಗಿ ಎಲ್ಲ ಹೇಳಿದೆ. ಮಾತ್ರೆಯ ಪಟ್ಟಿಯನ್ನು ಕತ್ತರಿಸುತ್ತಲೇ ಕೇಳಿಸಿಕೊಂಡಳು. ಕಾಲೇಜಿಗೆ ವಾಪಸು ಬಾ ಎಂದೆ.

"ಬೇಡ ಮೇಡಂ. ಇಲ್ಲಿ ಯಾರೂ ನನ್ನ ಕಳ್ಳಿ ಅನ್ನಲ್ಲ" ಎಂದು ನನ್ನ ಹಿಂದೆ ನಿಂತವರ ಚೀಟಿಗೆ ಕೈ ಚಾಚಿದಳು.

ಸಾಕಾಗಿದೆ ಅಕ್ಕ. ನೀನೂ ಭಾವನೂ ಆರೋಗ್ಯವಾಗಿರಿ. ನಿನ್ನ ಮಗನಿಗೆ ನನ್ನ ಆಶೀರ್ವಾದ; ಅದರಲ್ಲೇನೂ ಕಡಿತವಾಗಿಲ್ಲ.

ಇಂತು ನಿನ್ನ
ತಂಗಿ

ಇನ್ನೊಂದು ಮಾತು: ಕಳೆದ ತಿಂಗಳವರೆಗೆ ಏನೂ ಗೊತ್ತಿರಲಿಲ್ಲ ಎಂಬಂತೆ ಬರೆದಿದ್ದೇನೆ. ಅದು ನಿಜವಲ್ಲ. "ನಾನೇ ಬರೆದಿದ್ದು, ಬೇಕಾದ್ರೆ ಫೈಲಿನ ಟೈಮ್ ನೋಡಿ ಮೇಡಂ" ಎಂದು ಅವಳು ಪರೀಕ್ಷೆಯ ದಿನವೇ ಹೇಳಿದ್ದಳು. ಹತ್ತೊಂಬತ್ತು ವರ್ಷದಿಂದ ಇದನ್ನೇ ಕಲಿಸುತ್ತಿರುವವಳು ನಾನು. ನೋಡಲು ಅರೆ ನಿಮಿಷ ಸಾಕಿತ್ತು. ಏನು ಕಾಣುತ್ತದೋ ಎಂದು ಹೆದರಿ ಕಂಪ್ಯೂಟರ್ ಆರಿಸಿಬಿಟ್ಟೆ.