ಚಟ ಹತ್ತುವ ಗುಳಿಗೆ

ಚಿಗಳ್ಳಿ, ಮುಂಡಗೋಡ ತಾಲೂಕು
೧೧ ಫೆಬ್ರುವರಿ ೨೦೨೫

ದಾಂಡೇಲಿಯ ಡಾಕ್ಟರಮ್ಮ, ನನ್ನ ಮುದ್ದಿನ ಮಗಳು ಉಮಾಶ್ರೀಗೆ ನಿನ್ನ ಅವ್ವನ ಆಶೀರ್ವಾದ.

ಫೋನು ಬಿಟ್ಟು ಪತ್ರ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೋವಿನ ಮಾತು ತೆಗೆದರೆ ಸಾಕು, ಎಲ್ಲಿಂದಲೋ ನಿನಗೊಬ್ಬ ಪೇಶೆಂಟ್ ಬಂದುಬಿಡುತ್ತಾನೆ. ಪತ್ರವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ಕ್ಯಾನ್ಸರ್ ಸೊಂಟದ ಎಲುಬಿಗೆ ಇಳಿದ ಮೇಲೆ ನಾನು ಕೇಳಿದ್ದು ಒಂದೇ, ನೋವಿಗೆ ಗಟ್ಟಿ ಗುಳಿಗೆ. ನೀನು, ಮಾರ್ಫಿನ್ ಬ್ಯಾಡವ್ವಾ, ಚಟ ಹತ್ತತೈತಿ ಅಂದೆ. ಈ ವಯಸ್ಸಿಗೆ ನನಗೆಂಥ ಚಟವೇ? ನಿಮ್ಮಪ್ಪ ಮೀಸೆ ಮೂಡಿದಾಗಿನಿಂದ ತಂಬಾಕು ತಿಕ್ಕುತ್ತಿದ್ದಾರೆ, ಅವರಿಗೆ ನೀನು ಒಂದು ದಿನವೂ ಉಪದೇಶ ಮಾಡಲಿಲ್ಲ. ಚಟ ಹತ್ತುವಷ್ಟು ವರ್ಷ ನನ್ನನ್ನು ಬದುಕಿಸಿಕೊಡು, ಬಿಡಿಸುವ ವಿಚಾರ ಆಮೇಲೆ ಮಾಡೋಣ.

ಕಡೆಗೆ ತಡೆಯಲಾಗದೆ, ನಿನಗೆ ತಿಳಿಸದೆ ಹುಬ್ಬಳ್ಳಿಗೆ ಹೋಗಿ ಬಂದೆವು. ಅಲ್ಲಿಯ ಡಾಕ್ಟರು ಎಲ್ಲ ಕೇಳಿ ಮಾರ್ಫಿನ್ ಬರೆದರು. ಹೇಳಿದಷ್ಟ ತಗೋರಿ, ಅಂಜಬ್ಯಾಡ್ರಿ, ಸಂಡಾಸ ಗಟ್ಟಿ ಆಗತೈತಿ, ಅದಕ್ಕೂ ಔಷಧ ಬರದೇನಿ ಅಂದರು.

ಮೊದಲ ಗುಳಿಗೆ ನುಂಗಿದಾಗ ನಿಮ್ಮಪ್ಪನ ಅವತಾರ ನೋಡಬೇಕಿತ್ತು. ಅಮಲೇರಿದರೆ ಹಿಡಿದುಕೊಳ್ಳಲೆಂದು ಬಾಗಿಲು ಹಾಕಿ ಎದುರಿಗೇ ಕುಂತರು. ಇದು ಯಾವ ಊರು, ನಾ ಯಾರು ಎಂದು ಪರೀಕ್ಷೆ ಬೇರೆ. ರೇಗಿ ಹೋಗಿ, ಗೂಳಪ್ಪ ಅದೀರಿ ಅಂದೆ. ಮದುವೆಯಾದಾಗಿನಿಂದ ಪ್ರಾಸ ಕಟ್ಟಿ ಹೇಳುವ ಒಡಪಿನಲ್ಲಿ ಬಿಟ್ಟರೆ ಅವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅಮಲು ತಲೆಗೇರಿತೆಂದು ಅವರು ತಣ್ಣೀರು ತರಲು ಓಡಿದರು!

ನನಗೆ ಏರಿದ್ದು ಹಸಿವು. ರೊಟ್ಟಿ, ಬದನೆಕಾಯಿ ಪಲ್ಯ ತಿಂದು ಮಗ್ಗುಲಾಗಿ ಮಲಗಿದೆ. ಉಮಾ, ನಿದ್ದೆ ಇಷ್ಟು ರುಚಿ ಅನ್ನುವುದೇ ಮರೆತುಹೋಗಿತ್ತು. ನಾನು ಗೊರಕೆ ಹೊಡೆಯುತ್ತಿದ್ದರೂ ಉಸಿರಿದೆಯೋ ಇಲ್ಲವೋ ಎಂದು ನಿಮ್ಮಪ್ಪ ಮೂಗಿನ ಕೆಳಗೆ ಬೆರಳಿಟ್ಟು ನೋಡಿದರಂತೆ.

ನಿನ್ನ ಮೇಲೆ ಬಹಳ ಸಿಟ್ಟಿತ್ತು. ನೋವು ಇಳಿದ ಮೇಲೆ ಅದೂ ಇಳಿಯಿತು. ಆದರೆ ನನಗೇ ಹಾಗೆ ಅಂದವಳು ಬೇರೆಯವರ ಅವ್ವಂದಿರಿಗೆ ಏನನ್ನುತ್ತೀಯೋ ಎಂದು ಯೋಚನೆಯಾಗುತ್ತದೆ. ಗುಳಿಗೆ ಮುಗಿಯುತ್ತ ಬಂದಿವೆ. ಹುಬ್ಬಳ್ಳಿಯ ತನಕ ಬಸ್ಸಿನಲ್ಲಿ ಕೂಡುವುದು ಇನ್ನು ನನ್ನಿಂದಾಗದು. ಹೆದರಿಕೆಯಿದ್ದರೆ ಆ ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊ, ಮುಂದಿನ ಚೀಟಿ ಮಾತ್ರ ನೀನೇ ಬರೆ.

ನಿನ್ನ ದಾರಿ ಕಾಯುವ ಅವ್ವ,
ಗುರುಬಸವ್ವ

ತಾ.ಕ.: ಮಕ್ಕಳು ಏನ ಮಾಡ್ತಾರ್ರಿ ಎಂದು ಆ ಡಾಕ್ಟರು ಕೇಳಿದರು. ಮಗಳು ಡಾಕ್ಟರೆಂದು ಬಸ್ ಕಂಡಕ್ಟರನಿಗೂ ಬಿಡದೆ ಹೇಳುವವಳು ನಾನು. ಅವತ್ತು ಮಾತ್ರ, ಸಾಲಿ ಟೀಚರ್ ಅದಾಳ್ರಿ ಅಂದುಬಿಟ್ಟೆ.